ವಯಸ್ಸಾಯ್ತು ಅಂತ ಸುಮ್ಮನಾಗಬೇಡಿ

"ವಯಸ್ಸಾಯ್ತಲ್ಲ, ಮರೆವು ಇದ್ದದ್ದೇ ಬಿಡಿ." ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹೇಳುವವರು ಸಮಾಧಾನಕ್ಕೆ ಹೇಳುತ್ತಾರೆ, ಗೊತ್ತು. ಆದರೆ ಇದನ್ನು ನಂಬಿಕೊಂಡು ಎಷ್ಟೋ ಮನೆಯವರು ಡಾಕ್ಟರ ಹತ್ತಿರ ಹೋಗುವುದನ್ನು ವರ್ಷಗಟ್ಟಲೆ ಮುಂದೂಡುತ್ತಾರೆ.

ಕನ್ನಡಕ ಎಲ್ಲಿಟ್ಟೆ ಅಂತ ನಾವೆಲ್ಲ ಹುಡುಕುತ್ತೇವೆ. ಈಗಷ್ಟೇ ಕೇಳಿದ್ದನ್ನು ಮತ್ತೆ ಮತ್ತೆ ಕೇಳುವುದು, ದಿನಾ ಓಡಾಡುವ ದಾರಿಯಲ್ಲೇ ಕಕ್ಕಾಬಿಕ್ಕಿಯಾಗುವುದು ಬೇರೆ. ಅದು ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಮಿದುಳಿನ ಕಾಯಿಲೆ, ಇರಬಹುದು. ಕೆಲವರಲ್ಲಿ ಮರೆವಿಗಿಂತ ಮೊದಲು ಸ್ವಭಾವವೇ ಬದಲಾಗುತ್ತದೆ. ಮನೆಯವರು ಅದನ್ನು ಹಟ ಅಂದುಕೊಂಡು ಜಗಳಕ್ಕೆ ನಿಲ್ಲುತ್ತಾರೆ. ಈ ಕಾಯಿಲೆ ವಯಸ್ಸಾದವರಿಗೆ ಮಾತ್ರ ಬರುತ್ತದೆ ಅನ್ನುವುದೂ ತಪ್ಪು. ಜರ್ಮನಿಯ ಡಾಕ್ಟರ್ ಅಲೋಯಿಸ್ ಆಲ್ಝೈಮರ್ 1901ರಲ್ಲಿ ಮೊದಲು ನೋಡಿದಾಗ ಆಗುಸ್ಟೆ ಡೆಟರ್ ಎಂಬಾಕೆಗೆ ಬರೀ 51 ವರ್ಷ. ಆಕೆಗಿದ್ದ ಕಾಯಿಲೆಗೆ ಇವತ್ತು ಆ ಡಾಕ್ಟರದೇ ಹೆಸರಿದೆ.

"ಹೇಗೂ ವಾಸಿಯಾಗಲ್ಲ, ಪರೀಕ್ಷೆ ಮಾಡಿಸಿ ಏನು ಬಂತು?" ಅನ್ನುವವರೂ ಇದ್ದಾರೆ. ಮೊದಲಿಗೆ, ಅದು ಡಿಮೆನ್ಷಿಯಾ ಹೌದೋ ಅಲ್ಲವೋ ಗೊತ್ತಾಗಬೇಕಲ್ವಾ? ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳು, ಬಿದ್ದು ತಲೆಗೆ ಪೆಟ್ಟಾಗಿ ಒಳಗೇ ನಿಧಾನಕ್ಕೆ ಸೇರಿಕೊಂಡ ರಕ್ತ, ಇವೆಲ್ಲ ಹಾಗೇ ಕಾಣಿಸಬಹುದು. ಇವಕ್ಕೆ ಚಿಕಿತ್ಸೆ ಇದೆ. ಡಿಮೆನ್ಷಿಯಾನೇ ಆಗಿದ್ದರೂ ಯಾವ ಬಗೆಯದು ಅನ್ನುವುದು ಮುಖ್ಯ. ಜಾಸ್ತಿ ಜನರಲ್ಲಿ ಕಾಣುವುದು ಆಲ್ಝೈಮರ್. ಲೂಯಿ ಬಾಡಿ ಅನ್ನುವ ಬಗೆಯಲ್ಲಿ ಎಷ್ಟೋ ಸಲ ಇಲ್ಲದ್ದು ಕಣ್ಣಿಗೆ ಕಾಣಿಸುತ್ತದೆ. ಅದಕ್ಕೆ ಅಂತ ಕೆಲವು ಮನೋರೋಗದ ಮಾತ್ರೆ ಕೊಟ್ಟರೆ ಜೀವಕ್ಕೇ ಅಪಾಯ ಆಗಬಹುದು.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಬೇರೆ. ಬೇಗ ಗೊತ್ತಾದರೆ ಕಾಯಿಲೆ ಬಂದವರು ತಮ್ಮ ಬದುಕಿನ ಬಗ್ಗೆ ತಾವೇ ತೀರ್ಮಾನ ಮಾಡಬಹುದು. ಹಣ ಯಾರು ನೋಡಿಕೊಳ್ಳಬೇಕು, ವಿಲ್ ಹೇಗಿರಬೇಕು, ಮುಂದೆ ಯಾರ ಜೊತೆ ಇರಬೇಕು, ಇದನ್ನೆಲ್ಲ ಅವರ ಬಾಯಿಂದಲೇ ಕೇಳಬಹುದು. ತಡವಾದರೆ ಮಕ್ಕಳು ಕೂತು ಊಹೆ ಮಾಡಬೇಕು. ಆಮೇಲೆ ಆ ಊಹೆಯ ಮೇಲೆ ಜಗಳ ಬೇರೆ! ಅದಕ್ಕೇ "ಅವರಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ" ಅನ್ನುವುದು ನನಗೆ ಒಪ್ಪಿಗೆಯಿಲ್ಲ. ನನಗೆ ಹೇಳಬೇಡಿ ಅಂತ ಅವರೇ ಅಂದರೆ ಸರಿ. ಇಲ್ಲವಾದರೆ ಮೆತ್ತಗೆ, ನಿಧಾನವಾಗಿ ಹೇಳಬೇಕು. ತನಗೇನೋ ಆಗುತ್ತಿದೆ ಅನ್ನುವುದು ಎಷ್ಟೋ ಸಲ ಅವರಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ.

ಒಂದೇ ಪರೀಕ್ಷೆಯಲ್ಲಿ ಎಲ್ಲ ತೀರ್ಮಾನ ಆಗಲ್ಲ. ಪ್ರಶ್ನೆ ಕೇಳುತ್ತಾರೆ, ಗಡಿಯಾರದ ಚಿತ್ರ ಬರೆಸುತ್ತಾರೆ, ರಕ್ತಪರೀಕ್ಷೆ, ಬೇಕಾದರೆ ಸ್ಕ್ಯಾನ್. ಹೋಗುವಾಗ ಅವರು ತೆಗೆದುಕೊಳ್ಳುವ ಅಷ್ಟೂ ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಳ್ಳಿ. ಏನೇನು ಬದಲಾಗಿದೆ, ಯಾವಾಗಿಂದ ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಡಾಕ್ಟರ ಎದುರು ಹತ್ತು ನಿಮಿಷ ಎಷ್ಟೋ ಜನ ಚೆನ್ನಾಗಿಯೇ ಮಾತಾಡುತ್ತಾರೆ. ಚೀಟಿ ಇಲ್ಲದಿದ್ದರೆ ನೀವೇ ಸುಳ್ಳು ಹೇಳಿದ ಹಾಗಾಗುತ್ತದೆ.