ಬೇರಿನ ತುದಿ ದಾಟುವ ಕಸ

‘ನಮ್ಮ ಫೈಲ್ ಬಳಸಿದರೆ ಬೇರಿನ ತುದಿಯಿಂದ ಕಸ ಆಚೆ ಹೋಗುವುದೇ ಇಲ್ಲ.’ ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಹಲ್ಲಿನ ಬೇರಿನ ನಾಳವನ್ನು ಕೆರೆದು ಅಗಲಿಸುವ ಸಣ್ಣ ಸಲಕರಣೆ ಈ ಫೈಲ್; ಅದರ ಇಂಥ ಜಾಹೀರಾತು ಇವತ್ತು ಮತ್ತೆ ಕಣ್ಣಿಗೆ ಬಿತ್ತು. ಕೆಳಗೆ ಮೆಚ್ಚಿಕೊಂಡವರೆಲ್ಲ ದಂತವೈದ್ಯರೇ. ಸಿಟ್ಟು ತಡೆಯಲಾಗಲಿಲ್ಲ.

ಅಂಥ ಫೈಲ್ ಇನ್ನೂ ಬಂದಿಲ್ಲ ಸ್ವಾಮಿ. ಕೈಯಲ್ಲಿ ಆಡಿಸುವ ಕೆ-ಫೈಲ್ ಇರಲಿ, ಯಂತ್ರದಿಂದ ತಿರುಗುವ ಪ್ರೊಟೇಪರ್, ವೇವ್‌ಒನ್, ರೆಸಿಪ್ರಾಕ್ ಇರಲಿ, ಡೆಂಟಿನ್ (ಹಲ್ಲಿನ ಒಳಗಿನ ಗಟ್ಟಿ ಪದರ) ಪುಡಿ, ಕೊಳೆತ ಪಲ್ಪ್ (ಹಲ್ಲಿನೊಳಗಿನ ಮೆತ್ತನೆಯ ತಿರುಳು), ಬ್ಯಾಕ್ಟೀರಿಯಾ ಒಂದಿಷ್ಟು ಆಚೆ ಹೋಗಿಯೇ ಹೋಗುತ್ತವೆ; ಆಮೇಲೆ ಬರುವ ನೋವು, ಊತಕ್ಕೆ ಇದೂ ಒಂದು ಕಾರಣ. ಎಷ್ಟು ಹೋಗುತ್ತದೆ ಅನ್ನುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಕೆ-ಫೈಲನ್ನು ಮೇಲೆ ಕೆಳಗೆ ಎಳೆದು ಉಜ್ಜಿದರೆ ಅದು ಪಿಸ್ಟನ್‌ನಂತೆ ಪುಡಿಯನ್ನು ತುದಿಗೇ ದೂಡುತ್ತದೆ. ರೋನ್ ಮತ್ತು ಸಂಗಡಿಗರು 1985ರಲ್ಲಿ ವಿವರಿಸಿದ ಬ್ಯಾಲೆನ್ಸ್ಡ್ ಫೋರ್ಸ್ ವಿಧಾನದಲ್ಲಿ ಫೈಲನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ ಕಚ್ಚಿಸಿ, ಮೆಲ್ಲಗೆ ಒತ್ತಿ ಹಿಡಿದು ಎಡಕ್ಕೆ ತಿರುಗಿಸಿ ಕೊರೆದು, ಕೊನೆಗೆ ಬಲಕ್ಕೆ ತಿರುಗಿಸುತ್ತ ಹೊರಗೆ ತೆಗೆಯುತ್ತೇವೆ. ಪುಡಿ ಫೈಲಿನ ಸಂದಿಗೆ ಸಿಕ್ಕಿಕೊಂಡು ಮೇಲೆ ಬರುತ್ತದೆ.

‘ಪ್ರಯೋಗಾಲಯದಲ್ಲಿ ತೂಕ ಮಾಡಿ ನೋಡಿದ್ದಾರಲ್ಲ’ ಅಂತೀರಿ. ಮಾಡಿದ್ದಾರೆ. ಮೈಯರ್ಸ್ ಮತ್ತು ಮಾಂಟ್‌ಗೊಮರಿ 1991ರಲ್ಲಿ ಬಳಸಿದ ವಿಧಾನವೇ ಈಗಲೂ ಹೆಚ್ಚಿನವರದು: ಕಿತ್ತ ಹಲ್ಲನ್ನು ಮೊದಲೇ ತೂಗಿದ ಸೀಸೆಯ ಬಾಯಿಗೆ ಕೂರಿಸಿ, ಆಚೆ ಬಿದ್ದದ್ದನ್ನು ಒಣಗಿಸಿ ತೂಗುವುದು. ಆದರೆ ಆ ಸೀಸೆಯಲ್ಲಿ ಮೂಳೆಯಿಲ್ಲ, ಬೇರಿನ ಸುತ್ತ ಎದುರೊತ್ತುವ ಅಂಗಾಂಶವಿಲ್ಲ. ರೆಸಿಪ್ರಾಕ್ ಥರ ಹಿಂದೆ ಮುಂದೆ ತಿರುಗುವ ಫೈಲುಗಳಲ್ಲಿ, ಒಂದೇ ದಿಕ್ಕಿಗೆ ತಿರುಗುವವಕ್ಕಿಂತ ಕಸ ಜಾಸ್ತಿ ಅಂತ ಕೆಲವು ಅಧ್ಯಯನ, ಕಡಿಮೆ ಅಂತ ಇನ್ನು ಕೆಲವು. ಆ ಅಂಕಿ ಹಿಡಿದು ರೋಗಿಗೆ ‘ನೋವೇ ಬರಲ್ಲ’ ಅಂತ ಹೇಗೆ ಮಾತು ಕೊಡುತ್ತೀರಿ?

ಮೊದಲು ನಾಳದ ಮೇಲ್ಭಾಗ ಅಗಲಿಸಿ, ಅಲ್ಲಿನ ಕೊಳೆತದ್ದನ್ನು ತೊಳೆದು ತೆಗೆಯಿರಿ. ಆಮೇಲಷ್ಟೇ ಅಪೆಕ್ಸ್ ಲೊಕೇಟರ್ (ಬೇರಿನ ತುದಿ ಎಲ್ಲಿದೆ ಎಂದು ತೋರಿಸುವ ಉಪಕರಣ) ಹಾಕಿ ವರ್ಕಿಂಗ್ ಲೆಂತ್ (ಫೈಲ್ ಎಷ್ಟು ಆಳ ಇಳಿಯಬೇಕು ಅನ್ನುವ ಅಳತೆ) ತೆಗೆದುಕೊಂಡು ತುದಿಗೆ ಇಳಿಯಿರಿ. ರೋಟರಿ (ಯಂತ್ರದ) ಫೈಲನ್ನು ಮೂರು ಸಲ ಮೆಲ್ಲಗೆ ಆಡಿಸಿದ ಮೇಲೆ ಹೊರತೆಗೆದು ಒರೆಸಲೇಬೇಕು. ಸಂದಿಗಳು ತುಂಬಿದ ಫೈಲನ್ನೇ ಮತ್ತೆ ಇಳಿಸಿದರೆ ಪುಡಿಗೆ ಮೇಲೆ ಬರಲು ಜಾಗವಿಲ್ಲ, ಕೆಳಗೇ ಹೋಗುತ್ತದೆ. ಪ್ರತಿ ಸಲ ತೊಳೆದು, 10ನೇ ಸೈಜಿನ ತೆಳು ಕೆ-ಫೈಲ್ ಇಳಿಸಿ ದಾರಿ ಬಿಡಿಸಿ, ಮತ್ತೆ ತೊಳೆಯಿರಿ. ತೊಳೆಯುವ ಸೂಜಿ 30 ಗೇಜಿನ ಸಣ್ಣದು, ಪಕ್ಕದಲ್ಲಿ ತೂತಿರುವಂಥದು, ವರ್ಕಿಂಗ್ ಲೆಂತ್‌ಗಿಂತ 2 ಮಿ.ಮೀ. ಮೇಲೆ, ಗೋಡೆಗೆ ಸಿಕ್ಕಿಕೊಳ್ಳದೆ ಸಡಿಲವಾಗಿ ಆಡುತ್ತಿರಬೇಕು. ಸಿರಿಂಜನ್ನು ಹೆಬ್ಬೆರಳಿನ ಬದಲು ತೋರುಬೆರಳಿಂದ ಒತ್ತಿ. ಸೂಜಿ ಬಿಗಿಯಾಗಿ ಕೂತಾಗ ಒತ್ತಿದರೆ ತೊಳೆಯುವ ದ್ರವವಾದ ಹೈಪೋಕ್ಲೋರೈಟ್ ಮೂಳೆಯೊಳಕ್ಕೆ ನುಗ್ಗಿ ನಿಮಿಷಗಳಲ್ಲಿ ಮುಖ ಊದುತ್ತದೆ.

‘ಒಂದೇ ಫೈಲಿನಲ್ಲಿ ಬೇಗ ಮುಗಿಯುತ್ತದೆ’ ಅನ್ನುವ ಮಾತೂ ಇದೆ. ಮುಗಿಯಲಿ, ಆದರೆ ಉಳಿದ ಹೊತ್ತನ್ನು ತೊಳೆಯಲು ಕೊಡುತ್ತೀರಾ? ಹೆಚ್ಚಿನ ಕಡೆ ಅದು ಮುಂದಿನ ರೋಗಿಗೆ ಹೋಗುತ್ತದೆ. ನನಗೆ ಹೊಟ್ಟೆ ಉರಿಯುವುದೇ ಇಲ್ಲಿ.

ಇಷ್ಟೆಲ್ಲ ಮಾಡಿದರೂ ಕೆಲವು ಹಲ್ಲಿನ ಸುತ್ತ ಆ ರಾತ್ರಿಯೇ ಊದಿಕೊಳ್ಳುತ್ತದೆ. ಅದನ್ನು ಒಪ್ಪಿಕೊಳ್ಳುವುದು ನನಗೆ ಇವತ್ತಿಗೂ ಕಷ್ಟ. ಅದಕ್ಕೇ ರೋಗಿ ಕುರ್ಚಿಯಿಂದ ಏಳುವ ಮುಂಚೆಯೇ ಹೇಳಿಬಿಡಿ: ಎರಡು ಮೂರು ದಿನ ನೋವಿರಬಹುದು, ಊತ ಬಂದರೆ ಕಾಯದೆ ಫೋನ್ ಮಾಡಿ.