ಮಗುವಿನ ಉಡುಗೊರೆಯನ್ನು ಮಗುವೇ ಮಾಡಲಿ

ನಿನ್ನೆ ಪರಿಚಯದವರ ಮಗುವಿನ ಶಾಲೆಯಲ್ಲಿ ಅಜ್ಜ-ಅಜ್ಜಿಯರ ದಿನವಿತ್ತು. ಯುಕೆಜಿ ಮಕ್ಕಳು ಪ್ರಕೃತಿಯ ವಸ್ತುಗಳಿಂದ ಕೈಯಾರೆ ಮಾಡಿದ ಉಡುಗೊರೆ ಕೊಡುತ್ತಾರೆಂದು ಕೇಳಿ ಸಂಭ್ರಮದಿಂದ ಹೋಗಿದ್ದೆ. ಮೇಜಿನ ತುಂಬ ಒಂದೇ ಅಳತೆಯ, ಒಂದೇ ಬಣ್ಣದ ಚೌಕಟ್ಟುಗಳು: ಥರ್ಮಾಕೋಲಿನ ಹಲಗೆ, ಪ್ಲಾಸ್ಟಿಕ್ ಎಲೆ, ಮೇಲೆ ಗ್ಲಿಟರ್. ಶಾಲೆ ಹಣ ಪಡೆದು ಮನೆಗೆ ಕಳಿಸಿದ ಕಿಟ್ಟಿನಿಂದ ತಾಯಂದಿರು ಬಿಸಿ ಅಂಟು ಹಾಕಿ ಕೂರಿಸಿದ ಆ ಎಲೆಗಳಲ್ಲಿ ಒಂದೂ ಓರೆಯಾಗಿರಲಿಲ್ಲ. ಅಜ್ಜಿಯೊಬ್ಬರು, “ಇದರಲ್ಲಿ ನೀನೇನು ಮಾಡಿದೆ ಪುಟ್ಟಾ?” ಎಂದು ಕೇಳಿದಾಗ ಆ ಮಗು ಉತ್ತರಿಸದೆ ಅಮ್ಮನ ಮುಖ ನೋಡಿತು. ನನಗೆ ಸಿಟ್ಟು ತಡೆಯಲಾಗಲಿಲ್ಲ.

ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧಿಸಲಾಗಿದೆ. ಗ್ಲಿಟರ್ ಎಂಬುದು ಬಹುಪಾಲು ಪುಡಿಯಂತೆ ಕತ್ತರಿಸಿದ ಪ್ಲಾಸ್ಟಿಕ್ಕೇ. ಪ್ರಕೃತಿಯ ಹೆಸರಿನಲ್ಲಿ ಇವನ್ನು ಮಕ್ಕಳ ಮುಂದಿಡುವುದು ತಪ್ಪು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಮಗುವಿನ ಹೆಸರು ಬರೆದ ಉಡುಗೊರೆಯಲ್ಲಿ ಮಗುವಿನ ಕೈಯೇ ಇಲ್ಲದಿರುವುದು.

ಮಲೆನಾಡಿನ ತೋಟದ ಮನೆಯಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡು ಬೆಳೆದವಳು ನಾನೆಂಬುದು ನಿಮಗೆಲ್ಲ ಗೊತ್ತು. ಹಾಗೆಂದು ಐದು ವರ್ಷದ ಮಗುವಿನ ಉಡುಗೊರೆಗೆ ತೋಟವೇ ಬೇಕಾಗಿಲ್ಲ. ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು, ಅರಿಶಿನದ ನೀರಿನಲ್ಲಿ ಅದ್ದಿ ಕಾಗದಕ್ಕೊತ್ತಿದರೆ ಐದು ಮೂಲೆಯ ಹೂವು ಮೂಡುತ್ತದೆ. ಅದೇ ನೀರಿಗೆ ದೊಡ್ಡವರು ಚಿಟಿಕೆ ಸುಣ್ಣ ಬೆರೆಸಿಕೊಟ್ಟರೆ ಆರತಿಯ ಓಕುಳಿಯ ಕೆಂಪು ಸಿಗುತ್ತದೆ. ಸುಣ್ಣ ಚರ್ಮವನ್ನು ಸುಡುವುದರಿಂದ ಆ ಬಣ್ಣಕ್ಕೆ ಮಗು ಬೆರಳದ್ದದಂತೆ ಪಕ್ಕದಲ್ಲೇ ಕೂತಿರಬೇಕು. ಇನ್ನು, ಅರಳಿ ಎಲೆಯನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಿ, ಆಗಾಗ ನೀರು ಬದಲಿಸುತ್ತಿದ್ದರೆ ಅದರ ತಿರುಳು ಕೊಳೆತು ಸಡಿಲವಾಗುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದಂತೆಲ್ಲ ಹಸಿರು ಕಳಚಿ, ನಡುವಿನ ದಂಟಿನಿಂದ ತುದಿಯ ಬಾಲದವರೆಗೆ ನರಗಳ ಜಾಲರಿ ಒಂದೊಂದಾಗಿ ಕಾಣಿಸಿಕೊಳ್ಳುವುದನ್ನು ಮಗು ಉಸಿರು ಬಿಗಿಹಿಡಿದು ನೋಡುತ್ತದೆ. ಅವಸರಪಟ್ಟರೆ ಅಂಚು ಹರಿಯುತ್ತದೆ. ಹರಿಯಲಿ, ಅದನ್ನೇ ಅಜ್ಜಿಗೆ ಕೊಡಲಿ.

“ನಗರದಲ್ಲಿ ಇದೆಲ್ಲ ಎಲ್ಲಿ ಸಿಗುತ್ತದೆ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ವರ್ಷವಿಡೀ ಒಂದಲ್ಲ ಒಂದು ಮರ ಹೂಬಿಡುವಂತೆ ಆರಿಸಿ ಲಾಲ್‌ಬಾಗಿನ ಜರ್ಮನ್ ತೋಟಗಾರಿಕೆ ತಜ್ಞ ಕೃಂಬಿಗಲ್ ಅವರು ಸಾಲುಮರ ನೆಡಿಸಿದ ಬೆಂಗಳೂರಿನಲ್ಲಿ ಈ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಒಡೆದು ಬಿದ್ದ ಮಹಾಗನಿ ಕಾಯಿಯ ದಪ್ಪ ಸಿಪ್ಪೆ, ಅಲ್ಲಾಡಿಸಿದರೆ ಗಲಗಲ ಎನ್ನುವ ಗುಲ್‌ಮೊಹರಿನ ಒಣಕಾಯಿ ಕಾಲಿಗೇ ಸಿಗುತ್ತವೆ. ಒಂದು ಆತಂಕ ಮಾತ್ರ ನಿಜವಾದದ್ದು: ನೋಡಲು ಚೆಂದವೆಂದು ಗುಲಗಂಜಿಯನ್ನು ಮಕ್ಕಳ ಕೈಗೆ ಕೊಡಲೇಬಾರದು, ಪೋಣಿಸಲು ತೂತು ಮಾಡಿದ್ದನ್ನಂತೂ ಮನೆಯೊಳಗೇ ತರಬಾರದು; ಅದರೊಳಗಿನ ವಿಷ ಪ್ರಾಣ ತೆಗೆಯಬಲ್ಲದು. ಕಣಗಿಲೆಯೂ ಬೇಡ.

ನನಗೆ ಮಕ್ಕಳಿಲ್ಲ. ಹೀಗೆ ಬರೆದಾಗಲೆಲ್ಲ “ನಿಮಗೇನು ಗೊತ್ತು ತಾಯಂದಿರ ಕಷ್ಟ” ಎನ್ನುತ್ತಾರೆ, ಆ ಮಾತು ಚುಚ್ಚುತ್ತದೆ ಕೂಡ. ಆದರೆ ದುಡಿದು ದಣಿದ ತಾಯಿಯನ್ನು ಮಧ್ಯರಾತ್ರಿಯವರೆಗೆ ಅಂಟಿಸಲು ಕೂರಿಸಿದ್ದು ಆ ಶಾಲೆಯ ಕಿಟ್ಟೇ ಹೊರತು ಬೆಂಡೆಕಾಯಿಯಲ್ಲ.

ಮುಂದಿನ ಬಾರಿ ಕಿಟ್ಟಿಗೆಂದು ಹಣ ಕೇಳಿದರೆ ದಯವಿಟ್ಟು ಶಾಲೆಗೆ ಹೋಗಿ ಮಾತನಾಡಿ. ಉಡುಗೊರೆಯನ್ನು ಮನೆಗೆ ಕಳಿಸದೆ ತರಗತಿಯಲ್ಲೇ, ಮಕ್ಕಳ ಕೈಯಿಂದಲೇ ಮಾಡಿಸಿ ಎಂದು ಕೇಳಿ. ಎಲೆ, ಕಾಯಿ ಆರಿಸಿ ತರಲು ಜನ ಬೇಕಿದ್ದರೆ ನನ್ನನ್ನು ಕರೆಯಿರಿ, ಬರುತ್ತೇನೆ.