ಆ ರಾತ್ರಿ ಸ್ಟುಡಿಯೋದ ಮೂಲೆಯಲ್ಲಿ ಕೂತಿರಬೇಕಿತ್ತು

ಮೊನ್ನೆ ರಾತ್ರಿ ಮತ್ತೆ ಬಂಗಾಳಿ ಸಿನಿಮಾ ‘ಪಥೇರ್ ಪಾಂಚಾಲಿ’ ನೋಡಿದೆ. ಹರಿಹರ ಎಷ್ಟೋ ದಿನಗಳ ಮೇಲೆ ಊರಿಗೆ ಮರಳಿದ್ದಾನೆ. ಮಗಳು ದುರ್ಗಾ ಸತ್ತಿರುವುದು ಅವನಿಗೆ ಗೊತ್ತಿಲ್ಲ. ತಂದ ಸಾಮಾನುಗಳನ್ನು ಒಂದೊಂದಾಗಿ ಹೆಂಡತಿಗೆ ತೋರಿಸುತ್ತಾನೆ. ಕೊನೆಗೆ ಮಗಳಿಗೆ ಅಂತ ತಂದ ಸೀರೆ. ಸರ್ಬಜಯಾ ಕುಸಿದು ಅಳುತ್ತಾಳೆ. ಬಾಯಿ ತೆರೆದಿದೆ, ದನಿ ಮಾತ್ರ ಕೇಳುವುದಿಲ್ಲ. ಅದರ ಜಾಗದಲ್ಲಿ ತಾರ್ ಶೆಹನಾಯಿ ಅನ್ನುವ ವಾದ್ಯ ಪಟದೀಪ್ ರಾಗದ ಮೇಲಿನ ಸ್ವರಗಳಲ್ಲಿ ಕೂಗುತ್ತದೆ.

ಯಾವುದಾದರೂ ಒಂದು ಸಿನಿಮಾದ ರೀರೆಕಾರ್ಡಿಂಗನ್ನು, ಅಂದರೆ ಹಿನ್ನೆಲೆ ಸಂಗೀತದ ರೆಕಾರ್ಡಿಂಗನ್ನು, ಎದುರು ಕೂತು ನೋಡು ಅಂತ ಯಾರಾದರೂ ಹೇಳಿದರೆ ನನಗೆ ಇದೇ ಬೇಕು.

ಸಿನಿಮಾ ತೆರೆಗೆ ಬಂದದ್ದು 1955ರಲ್ಲಿ. ಸತ್ಯಜಿತ್ ರಾಯ್ ಅವರಿಗೆ ಮೊದಲ ಸಿನಿಮಾ, ಕೈಯಲ್ಲಿ ದುಡ್ಡಿಲ್ಲ. ಸಂಗೀತ ಮಾಡಬೇಕಿದ್ದ ಸಿತಾರ್ ವಾದಕ ರವಿಶಂಕರ್ ಅವರಿಗೆ ಬಿಡುವಿಲ್ಲ. ಕಛೇರಿಗೆ ಅಂತ ಕಲ್ಕತ್ತಾಗೆ ಬಂದವರು ಅರ್ಧ ಸಿನಿಮಾವನ್ನಷ್ಟೇ ನೋಡಿದರು, ಅದೂ ಎಡಿಟಿಂಗ್ ಪೂರ್ತಿ ಆಗದ್ದು. ಆಮೇಲೆ ರಾತ್ರಿಯಿಡೀ, ಸುಮಾರು 11 ಗಂಟೆ ಕಾಲ, ಒಂದೇ ಪಟ್ಟಿನಲ್ಲಿ ರೆಕಾರ್ಡಿಂಗ್. ಮಳೆಗೆ ದೇಸ್ ರಾಗ. ದುರ್ಗಾಳ ಸಾವಿನ ನಂತರ ತೋಡಿ. ಸಿನಿಮಾದುದ್ದಕ್ಕೂ ಬರುವ ಆ ಕೊಳಲಿನ ಧಾಟಿಯನ್ನಂತೂ ಅವರು ಮೊದಲೇ ರಾಯ್ ಎದುರು ಗುನುಗಿ ತೋರಿಸಿದ್ದರು. ಅರ್ಧ ನೋಡಿದ್ದೇ ಒಳ್ಳೆಯದಾಯಿತು ಅಂತ ನನ್ನ ನಂಬಿಕೆ. ಪೂರ್ತಿ ನೋಡಿದ್ದರೆ ದೃಶ್ಯ ದೃಶ್ಯಕ್ಕೂ ಸಂಗೀತ ತುಂಬುವ ಆಸೆ ಬರುತ್ತಿತ್ತೇನೋ. ಈಗ ಅದಕ್ಕೆ ಉಸಿರಾಡಲು ಎಷ್ಟು ಜಾಗ ಇದೆ ನೋಡಿ.

ಎಲ್ಲಿ ಕೂರಬೇಕು ಅಂತಲೂ ಯೋಚಿಸಿಟ್ಟಿದ್ದೇನೆ. ಸಿತಾರಿನ ಹತ್ತಿರ ಅಲ್ಲ, ತಾರ್ ಶೆಹನಾಯಿ ನುಡಿಸಿದ ದಕ್ಷಿಣಾ ಮೋಹನ್ ಠಾಗೋರ್ ಅವರ ಎದುರಿಗೆ. ಹೆಸರಿನಲ್ಲಿ ಶೆಹನಾಯಿ ಇದ್ದರೂ ಅದು ಊದುವ ವಾದ್ಯ ಅಲ್ಲ. ಕಮಾನಿನಿಂದ ನುಡಿಸುವ ಇಸ್ರಾಜ್ ಅನ್ನುವ ತಂತಿವಾದ್ಯಕ್ಕೆ ಹಳೇ ಗ್ರಾಮಫೋನಿನ ಥರ ಒಂದು ಕಹಳೆ ಜೋಡಿಸಿರುತ್ತಾರೆ. ಅದಕ್ಕೇ ಆ ದನಿ ಅರ್ಧ ಪಿಟೀಲು, ಅರ್ಧ ಮನುಷ್ಯರ ಗಂಟಲು. ತಾಯಿಯ ಅಳುವನ್ನು ತೆಗೆದು ಅಲ್ಲಿ ಇನ್ನೇನನ್ನಾದರೂ ಇಡಬಹುದು ಅಂತ ಹೊಳೆಯುವುದೇ ದೊಡ್ಡದು. ಇಟ್ಟದ್ದು ಇದನ್ನು! ಕಮಾನು ಮೊದಲ ಸಲ ಆ ಸ್ವರ ಮುಟ್ಟಿದಾಗ ಸುತ್ತ ಇದ್ದವರ ಮುಖ ಹೇಗಿತ್ತು? ಅದನ್ನು ನೋಡಬೇಕು ನಾನು.

ಇಂಥ ಇನ್ನೊಂದು ರಾತ್ರಿ 1957ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ ಅವರ ಸಿನಿಮಾದ ದೃಶ್ಯಗಳನ್ನು ಪರದೆ ಮೇಲೆ ನೋಡುತ್ತಾ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಮತ್ತು ಜೊತೆಯವರು ಅಲ್ಲೇ ಹುಟ್ಟಿಸಿಕೊಂಡು ನುಡಿಸಿದರು. ಅದೂ ಇಷ್ಟವೇ. ಆದರೆ ನನ್ನ ಎರಡನೇ ಆಸೆ ನಮ್ಮದು. 1977ರ ‘ಸನಾದಿ ಅಪ್ಪಣ್ಣ’ಕ್ಕೆ ಜಿ.ಕೆ. ವೆಂಕಟೇಶ್ ಸಂಗೀತ, ಶೆಹನಾಯಿ ಬಿಸ್ಮಿಲ್ಲಾ ಖಾನರದು. ಪರದೆ ಮೇಲೆ ರಾಜ್‌ಕುಮಾರ್ ಊದುವಾಗ ಕೆನ್ನೆ ಅವರದು, ಉಸಿರು ಖಾನ್ ಸಾಹೇಬರದು. ಆ ಉಸಿರು ಮೈಕಿನ ಮುಂದೆ ಹೊರಟ ಹೊತ್ತಿಗೆ ಅಲ್ಲಿದ್ದವರು ಪುಣ್ಯವಂತರು, ಅಲ್ವಾ?

ಈಗ ಹೆಚ್ಚಾಗಿ ಒಬ್ಬೊಬ್ಬರೇ ಬಂದು, ಹೆಡ್‌ಫೋನಿನಲ್ಲಿ ಲಯ ತೋರಿಸುವ ಕ್ಲಿಕ್ ಸದ್ದು ಕೇಳುತ್ತಾ ತಮ್ಮ ಪಾಲು ನುಡಿಸಿ ಹೋಗುತ್ತಾರೆ. ಕೆಲಸ ಅಚ್ಚುಕಟ್ಟಾಗಿಯೇ ಆಗುತ್ತದೆ. ಆದರೆ ಪಕ್ಕದವನ ಕೈ ನೋಡಿ ತನ್ನ ಕೈ ತಡೆದು ನಿಲ್ಲುವ ಆ ಕ್ಷಣ ಸಿಗುವುದು ಕಷ್ಟ. ಮದ್ರಾಸಿನ ಸ್ಟುಡಿಯೋಗಳಲ್ಲಿ ನಮ್ಮ ಸಿನಿಮಾಗಳಿಗೆ ಹಾಗೆ ಒಟ್ಟಿಗೆ ಕೂತು ನುಡಿಸಿದವರಿಗೆ ಈಗ ವಯಸ್ಸಾಗಿದೆ. ನಿಮ್ಮ ಪರಿಚಯದಲ್ಲಿ ಅಂಥವರು ಇದ್ದರೆ ದಯವಿಟ್ಟು ಹೋಗಿ ಕೂತು ಮಾತಾಡಿಸಿ. ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡರೂ ಸಾಕು.

ಅಂದಹಾಗೆ, ‘ಪಥೇರ್ ಪಾಂಚಾಲಿ’ಯ ಕೆಲಸ ಆ ಒಂದು ರಾತ್ರಿಗೆ ಮುಗಿಯಲಿಲ್ಲ. ರವಿಶಂಕರ್ ಅವರಿಗೆ ಸಮಯ ಸಾಲದೆ ಕೆಲವು ಕಡೆ ಸಂಗೀತ ಬಾಕಿ ಉಳಿಯಿತು. ಮಿಠಾಯಿ ಮಾರುವವನ ಹಿಂದೆ ಮಕ್ಕಳು, ಅವರ ಹಿಂದೆ ನಾಯಿ ಸಾಲಾಗಿ ಹೋಗುತ್ತವಲ್ಲ, ಅಲ್ಲಿ ಸಿತಾರ್ ನುಡಿಸಿದ್ದು ಕ್ಯಾಮೆರಾ ಹಿಡಿದ ಸುಬ್ರತಾ ಮಿತ್ರ ಅವರೇ. ನಾನು ಒಂದು ರಾತ್ರಿ ಅಂದಿದ್ದೆ. ಆ ಹೊತ್ತನ್ನೂ ಸೇರಿಸಿಕೊಳ್ಳುತ್ತೇನೆ.